ತಾರ್ಯೈ ಮುದುಕನ ಮೌನ

ನಮ್ಮ ಕಣಿವೆಯಲ್ಲಿ ಪಿಟೀಲು ಕಲಿಯಬೇಕೆಂದರೆ ಹಾಲ್ವಾರ್ ಮೇಷ್ಟ್ರೇ ಗತಿ. ಗುರುವಾರ ಸಂಜೆ ಊರಿನ ಭವನದಲ್ಲಿ ಆರು ವರ್ಷದ ಮಕ್ಕಳಿಂದ ಹಿಡಿದು ಹಲ್ಲುಸೆಟ್ಟು ಹಾಕಿಕೊಂಡವರವರೆಗೆ ಎಲ್ಲರಿಗೂ ಒಟ್ಟಿಗೆ ಪಾಠ. ಪಟ್ಟಣದ ವಯಲಿನ್ ಬೇಕೆಂದವರಿಗೆ ಅದನ್ನೂ ಕಲಿಸುತ್ತಾರೆ, ಮುಖ ಸಿಂಡರಿಸಿಕೊಂಡು. ಅವರ ಜೀವವೆಲ್ಲ ಅಡಿಯಲ್ಲಿ ಇನ್ನೊಂದು ಸಾಲು ತಂತಿ ತಾನಾಗಿ ಮಿಡಿಯುವ ನಮ್ಮ ಕಡೆಯ ಹಾರ್ಡಂಗರ್ ಪಿಟೀಲಿನಲ್ಲಿ, ಅದರಲ್ಲೂ ತಾರ್ಯೈ ಮುದುಕ ನುಡಿಸುತ್ತಿದ್ದ ಒಂದು ಕುಣಿತದ ಮಟ್ಟಿನಲ್ಲಿ.

ತಾರ್ಯೈ ಸತ್ತು ನಲವತ್ತು ವರ್ಷವಾಯಿತು. ಉಳಿದಿರುವುದು ರೇಡಿಯೊದವರು ಅವನ ಅಡುಗೆಮನೆಯಲ್ಲಿ ಕೂತು ಮಾಡಿಕೊಂಡ ಒಂದೇ ಟೇಪು. ಅದರಲ್ಲಿ ಮಟ್ಟಿನ ಮೂರನೇ ಭಾಗದ ನಡುವೆ ಕಮಾನು ಗಕ್ಕನೆ ನಿಲ್ಲುತ್ತದೆ. ಒಂದೂವರೆ ಪೆಟ್ಟಿನಷ್ಟು ಮೌನ, ಮತ್ತೆ ಶುರು. ಈ ಮೌನದ ಮೇಲೆ ಮೇಷ್ಟ್ರು ನಲವತ್ತು ಪುಟ ಬರೆದಿದ್ದಾರೆ. ಅಲ್ಲಿ ಬೆಟ್ಟ ಉಸಿರೆಳೆದುಕೊಳ್ಳುತ್ತದಂತೆ! ಆ ಮೌನದ ಹಿಂದೆ ಸುಯ್ ಎನ್ನುವ ಸದ್ದೇನು ಎಂದು ಯಾರೋ ಕೇಳಿದಾಗ, ಹಳೇ ಟೇಪು ಎಂದು ಬಾಯಿ ಮುಚ್ಚಿಸಿದ್ದರು. ಇಪ್ಪತ್ತು ವರ್ಷದಿಂದ ನಾವೆಲ್ಲ ಅಲ್ಲಿಗೆ ಬಂದೊಡನೆ ಕಾಲು ಕುಟ್ಟುವುದನ್ನೂ ಬಿಟ್ಟು, ಕಮಾನೆತ್ತಿ, ಕಣ್ಣು ಮುಚ್ಚುತ್ತೇವೆ. ಮೂವತ್ತು ವರ್ಷ ಈ ಬೆಟ್ಟಗಳ ಬುಡದಲ್ಲೇ ದೋಣಿ ಓಡಿಸಿದವನು ನಾನು. ಒಂದು ಸಲವೂ ಅವು ಉಸಿರಾಡಿದ್ದು ಕಾಣೆ.

ನಾಲ್ಕು ವರ್ಷದ ಕೆಳಗೆ ಗುನ್ವೋರ್ ಬಂದು ಸೇರಿದಳು. ಈಗ ಎಪ್ಪತ್ತು ಅವಳಿಗೆ, ತಾರ್ಯೈಯ ಮಗಳು. ಹೆಣ್ಣುಮಕ್ಕಳು ಪಿಟೀಲು ಮುಟ್ಟುವುದು ಅವನಿಗೆ ಆಗುತ್ತಿರಲಿಲ್ಲ. ಸಾಯುವುದರೊಳಗೆ ಒಮ್ಮೆ ಬೇಸಿಗೆಯ ಸ್ಪರ್ಧೆಯ ವೇದಿಕೆಯಲ್ಲಿ ಅಪ್ಪನ ಮಟ್ಟನ್ನು ಅಪ್ಪನ ಹಾಗೆಯೇ ನುಡಿಸಬೇಕೆಂಬುದೊಂದೇ ಅವಳ ಆಸೆ. ಈ ವರ್ಷ ಆ ಮಟ್ಟಿನ ಪಾಠದ ದಿನ ನಾವೆಲ್ಲ ಕಮಾನೆತ್ತಿದರೆ ಇವಳು ನುಡಿಸುತ್ತಲೇ ಹೋದಳು.

"ಗುನ್ವೋರ್, ಅಲ್ಲಿ ನಿಲ್ಲಿಸ್ಬೇಕು."

"ಅಪ್ಪ ನಿಲ್ಲಿಸ್ತಿರ್ಲಿಲ್ಲ."

"ಟೇಪಲ್ಲಿ ನಿಲ್ಲಿಸಿದಾರಲ್ರೀ!"

"ಅವತ್ತು ಒಲೆ ಮೇಲೆ ಕಾಫಿ ಉಕ್ತಾ ಇತ್ತು ಮೇಷ್ಟ್ರೇ. ಕೆಟಲ್ ಇಳ್ಸೇ ಅಂತ ಕಮಾನಲ್ಲೇ ನಂಗೆ ತೋರ್ಸಿದ್ರು. ಇಳಿಸಿದೋಳು ನಾನೇ. ಏಳು ವರ್ಷ ಆಗ."

ಮಕ್ಕಳು ಕಿಸಕ್ಕನೆ ನಕ್ಕವು. ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. "ಏಳು ವರ್ಷದ ಮಗೂಗೆ ಸಂಗೀತ ಏನ್ ಗೊತ್ತಾಗತ್ತೆ? ಎಲ್ಲಾ ಮೊದಲಿಂದ" ಎಂದರು.

ಸ್ಪರ್ಧೆಯಲ್ಲಿ ನುಡಿಸುವ ಮೊದಲು ಮಟ್ಟು ಯಾರಿಂದ ಬಂತೆಂದು ಹೇಳುವುದು ವಾಡಿಕೆ. ಹಾಲ್ವಾರ್ ಮೇಷ್ಟ್ರಿಂದ, ಅವರಿಗೆ ತಾರ್ಯೈ ಟೇಪಿನಿಂದ ಎಂದು ನಾನು ಒಪ್ಪಿಸಿದೆ. ಮೌನವನ್ನೂ ಒಪ್ಪಿಸಿದೆ. ಆಮೇಲೆ ಗುನ್ವೋರ್ ಎದ್ದಳು.

"ಇದು ನಮ್ಮಪ್ಪನಿಂದ ಬಂದಿದ್ದು. ಬಾಗಿಲ ಹಿಂದೆ ನಿಂತು ಕಲ್ತೆ."

ಮೂರನೇ ಭಾಗ ಬಂದಾಗ ಅರ್ಧ ಸಭೆ ಕಣ್ಣು ಮುಚ್ಚಿ ಕಾದಿತ್ತು. ಅವಳು ನಿಲ್ಲಿಸಲಿಲ್ಲ. ಇಳಿಯುವ ಸ್ಟಾಪು ದಾಟಿಹೋದವರ ಹಾಗೆ ಜನ ಬೆಚ್ಚಿ ಕಣ್ಣು ಬಿಟ್ಟರು. ಆ ಮಟ್ಟು ಅಷ್ಟು ಸರಾಗವಾಗಿ ಹರಿಯಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ.

ಮೂವರು ತೀರ್ಪುಗಾರರಲ್ಲಿ ನಡುವಿನವರು ನಮ್ಮ ಮೇಷ್ಟ್ರೇ. ಹಿರಿಯರ ವಿಭಾಗದಲ್ಲಿ ನುಡಿಸಿದವರು ಮೂರೇ ಜನ. ನನಗೆ ಎರಡನೇ ಸ್ಥಾನ, ಗುನ್ವೋರ್‌ಗೆ ಮೂರನೆಯದು. ಅವಳ ಚೀಟಿಯಲ್ಲಿ ಬರೆದಿತ್ತು: ತಾರ್ಯೈ ಪರಂಪರೆಯ ಪರಿಚಯ ಸಾಲದು.

ಚೀಟಿ ಹಿಡಿದುಕೊಂಡು ಅವಳು ವಾಫಲ್ ತಿನ್ನುತ್ತಿದ್ದ ಮೇಷ್ಟ್ರ ಎದುರು ನಿಂತಳು. "ನಾನು ಹೇಳಿದ್ದು ಸುಳ್ಳು ಅಂತೀರಾ?"

ಮೇಷ್ಟ್ರು ಅತ್ತಿತ್ತ ನೋಡಿ ದನಿ ಇಳಿಸಿದರು. "ನಿಜಾನೇ ಇರ್ಬೋದು ಕಣ್ರೀ. ಆದ್ರೆ ಮುನ್ನೂರು ಜನಕ್ಕೆ ಹೀಗೇ ಕಲಿಸ್ಬಿಟ್ಟಿದೀನಿ. ಈಗ ಏನ್ಮಾಡ್ಲಿ?"

"ಹೆಣ್ಣು ಅಂತ ಅಪ್ಪ ಇದನ್ನ ಮುಟ್ಟೋಕೆ ಬಿಡ್ಲಿಲ್ಲ. ಈಗ ಅಪ್ಪನ ಹೆಸರು ಹೇಳ್ಕೊಂಡೇ ನೀವು ಬಿಡ್ತಿಲ್ಲ" ಎಂದಳು ಗುನ್ವೋರ್. ಪಕ್ಕದಲ್ಲೇ ಇದ್ದ ನಾನು ಪದಕವನ್ನು ಜೇಬಿಗೆ ತುರುಕಿಕೊಂಡೆ.

ಮುಂದಿನ ಗುರುವಾರ ಅವಳು ಬರಲಿಲ್ಲ. ಇವತ್ತು ಏನಾದರಾಗಲಿ, ನಿಲ್ಲಿಸದೆ ನುಡಿಸಿಯೇ ಬಿಡುತ್ತೇನೆಂದು ನಾನು ಮನೆಯಿಂದಲೇ ನಿಶ್ಚಯಿಸಿಕೊಂಡು ಹೋಗಿದ್ದೆ. ಮೂರನೇ ಭಾಗ ಬಂತು. ಮೂವತ್ತು ಕಮಾನುಗಳು ಮೇಲೆದ್ದವು. ನನ್ನದೂ ಎದ್ದಿತು.