ತಂಬಿಗೆಯೊಳಗಿನ ಸ್ಫಟಿಕ

ಕುರುಗೋಡಿನ ಅಕ್ಕನಾಗಮ್ಮನ ಪುಟ್ಟ ಮೊಮ್ಮಗಳಿಗೆ ಕಣ್ಣು ಬಂದಿತ್ತು. ನಾಲ್ಕು ದಿನದಿಂದ ರೆಪ್ಪೆ ಬಿಡಿಸಲಾಗದೆ ಕೂಸು ಅಳುತ್ತಿತ್ತು. ಅಷ್ಟರಲ್ಲಿ ರಾಮೇಶ್ವರಕ್ಕೆ ಹೋಗಿದ್ದ ಅಜ್ಜಿ ಮರಳಿದಳು.

"ದವಾಖಾನಿ ಬ್ಯಾಡ. ತೀರ್ಥ ತಂದೀನಿ, ಎರಡು ಹನಿ ಕಣ್ಣಿಗೆ ಬಿಟ್ರ ಸಾಕು."

ಪಕ್ಕದ ಮನೆಯ ಎರ್ರಿಸ್ವಾಮಿ ಮದ್ರಾಸಿನ ಬಂದರಿನಲ್ಲಿ ದುಡಿದು, ಮಹಾಯುದ್ಧ ಮುಗಿದ ಮೇಲೆ ಊರಿಗೆ ಬಂದವನು. ಅಜ್ಜಿ ತಂಬಿಗೆಯ ಮುಚ್ಚಳ ತೆಗೆದದ್ದೇ ಮೂಗು ಮುಚ್ಚಿಕೊಂಡ.

"ಇದರಾಗ ಏನ್ ಹಾಕೀದಿ ಅವ್ವಾ?"

"ಸ್ಫಟಿಕ! ಮುಂಜಾನಿ ಗುಡಿಯಾಗ ಸ್ಫಟಿಕಲಿಂಗ ನೋಡಿದ್ದೆ. ಆಮ್ಯಾಲೆ ಸಮುದ್ರದಾಗ ತೀರ್ಥ ತುಂಬಾಕ ಇಳದ್ರ, ಅಂಥಾದ್ದೇ ಒಂದು ತೇಲಿಕೋಂತ ನನ್ನ ಕೈಗೇ ಬಂತು. ಮೂರು ದಿನ ರೈಲಿನ್ಯಾಗ ತೊಡಿಮ್ಯಾಲ ಇಟ್ಕೊಂಡು ತಂದೆ. ದಾರ್ಯಾಗ ಕರಗಿಬಿಟ್ಟೈತಿ."

"ಅದು ಸ್ಫಟಿಕ ಅಲ್ಲವ್ವಾ, ಜೀವ! ಲೋಳಿಮೀನು ಅಂತಾರ, ಆದ್ರ ಮೀನೂ ಅಲ್ಲ. ಎಲುಬಿಲ್ಲ, ಗುಂಡಿಗಿ ಇಲ್ಲ, ಮೈಯೆಲ್ಲ ನೀರು. ಕೆಳಗ ಇಳಿಬಿದ್ದ ಎಳಿಗಳಾಗ ಕಣ್ಣಿಗೆ ಕಾಣದ ವಿಷದ ಮುಳ್ಳು ಇರ್ತಾವ. ಸತ್ತ ಮ್ಯಾಲೂ ಚುಚ್ತಾವ."

"ಹೋಗಲೇ! ದೇವರ ನೀರಿಗೆ ವಿಷ ಅಂತೀಯಾ?"

ನಮ್ಮ ಸೀಮೆಯವರು ಸಮುದ್ರ ಕಂಡದ್ದೇ ಅಪರೂಪ, ಅಜ್ಜಿಯನ್ನು ಬೈದು ಏನು ಫಲ? ಅವಳು ಕೂಸಿನ ಗದ್ದ ಹಿಡಿದೇಬಿಟ್ಟಳು. ಆಗ ಸೆರಗು ಸರಿಯಿತು. ಮುಂಗೈ ತುಂಬ ಕೆಂಪು ಬರೆಗಳು.

"ಇದೇನವ್ವಾ?"

ಅಜ್ಜಿಯ ದನಿ ಇಳಿಯಿತು. "ಅದನ್ನ ಹಿಡದಾಗ ಆತು. ಬೆಂಕಿ ಇಟ್ಟಾಂಗ ಉರೀತು. ಸ್ವಾಮಿ ಪರೀಕ್ಷಿ ಮಾಡ್ತಾನ ಅಂತ ತಡಕೊಂಡೆ."

"ನೀ ತಡಕೊಂಡಿ. ಈ ಕೂಸಿನ ಕಣ್ಣು ತಡೀತಾವೇನು?"

ಅಜ್ಜಿ ತನ್ನ ಕೈ ನೋಡಿಕೊಂಡಳು, ಕೂಸಿನ ಮುಖ ನೋಡಿದಳು. ತಂಬಿಗೆ ಕೆಳಗಿಟ್ಟು ಅತ್ತುಬಿಟ್ಟಳು. "ಅಯ್ಯೋ ಶಿವನೇ, ಕೈಯಾರೆ ಎಂಥಾ ಕೆಲಸ ಮಾಡ್ತಿದ್ನಲ್ಲೋ!"

ಹಿತ್ತಲಲ್ಲಿ ಗುಂಡಿ ತೋಡಿ ನೀರು ಸುರಿದರು.

"ಸಮುದ್ರದಾಗ ಅದು ಏನ್ ಮಾಡ್ಕೊಂಡಿತ್ತೋ ಎರ್ರಿಸ್ವಾಮಿ?"

"ನೀರು ಒಯ್ದ ಕಡೆ ತೇಲತಿತ್ತು. ಕಡಲಾಮಿಗೆ ಅದೇ ಊಟ. ಸಣ್ಣ ಮೀನಿನ ಮರಿಗಳು ಅದರ ಕೆಳಗ ಅಡಗಿ ಜೀವ ಉಳಿಸ್ಕೋತಾವ."

"ಹಂಗಾರ ಅದೂ ಮಕ್ಕಳನ್ನ ಕಾಯ್ತಿತ್ತು. ನಾನೇ ಕೊಂದು ತಂದೆ." ಅಜ್ಜಿ ಬರೆಯ ಕೈಯಿಂದಲೇ ಮಣ್ಣು ಎಳೆದಳು.

ಅಂದೇ ಕೂಸನ್ನು ಬಳ್ಳಾರಿಯ ದವಾಖಾನೆಗೆ ಒಯ್ದರು. ವಾರದಲ್ಲಿ ಕಣ್ಣು ತಿಳಿಯಾಯಿತು.

ಸಮುದ್ರಸ್ನಾನಕ್ಕೆ ಹೊರಟಿರುವ ತಾಯಂದಿರೇ, ಅಣ್ಣಂದಿರೇ, ಲೋಳೆಮೀನು ದಂಡೆಯಲ್ಲಿ ಸತ್ತು ಬಿದ್ದಿದ್ದರೂ ಮುಟ್ಟಬೇಡಿ. ತಾಗಿದರೆ ಉಜ್ಜಬೇಡಿ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಯನ್ನು ಕಡ್ಡಿಯಿಂದ ತೆಗೆದು, ಬೇಗ ವೈದ್ಯರ ಬಳಿ ಹೋಗಿ. ಈಗ ಕುರುಗೋಡಿನಿಂದ ಯಾರು ಯಾತ್ರೆಗೆ ಹೊರಟರೂ ಅಕ್ಕನಾಗಮ್ಮ ಮುಂಗೈ ಚಾಚಿ ತೋರಿಸುತ್ತಾಳೆ: "ಕಣ್ತುಂಬ ನೋಡ್ರಿ, ಅಲ್ಲೇ ಬಿಟ್ಟು ಬರ್ರಿ."