ಬೀಗ ಹಾಕಿದ ನೀರು

ನಾನು ಒಂದು ಕಲ್ಲಿನ ತೊಟ್ಟಿ. ಎಂಟುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯ ಚರ್ಚಿಗಾಗಿ ನನ್ನನ್ನು ಕಡೆದರು. ಕಡೆದವನು ಒರಟ. ಆದರೂ ನನ್ನ ಒಳಮೈಯನ್ನು ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದ, ಕೂಸಿನ ತಲೆಗೆ ತರಚಬಾರದಲ್ಲ! ಊರಿನ ಮಕ್ಕಳಿಗೆಲ್ಲ ನನ್ನ ನೀರಿನಲ್ಲೇ ಜ್ಞಾನಸ್ನಾನ. ಅದಾಗದೆ ಸತ್ತ ಕೂಸಿಗೆ ಸ್ವರ್ಗವಿಲ್ಲ, ಚರ್ಚಿನಂಗಳದ ಗೋಡೆಯೊಳಗೆ ಮಣ್ಣೂ ಇಲ್ಲ. ಆಗಿನ ಕಟ್ಟಳೆ ಅದು.

ಮಂತ್ರಿಸಿದ ನೀರನ್ನು ಮಾಟಗಾತಿಯರು ಕದಿಯುತ್ತಾರೆಂಬ ಹೆದರಿಕೆಗೆ ನನಗೊಂದು ಮರದ ಮುಚ್ಚಳ, ಅದಕ್ಕೊಂದು ಕಬ್ಬಿಣದ ಬೀಗ. ಬೀಗದ ಕೈ ಸದಾ ಪಾದ್ರಿಯ ನಡುಪಟ್ಟಿಯಲ್ಲಿ. ಕದಿಯಲು ಒಬ್ಬಳಾದರೂ ಬಂದಿದ್ದರೆ ಕೇಳಿ.

ಆಮೇಲೆ ಮಹಾಮಾರಿ ಬಂತು. ಗುಂಡಿ ತೋಡುವ ಮುದುಕ ಆಸ್ಬರ್ಟ್ ಹೆಂಡತಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ತಾನೇ ಹೂತ. ಕೊನೆಗೆ ಪಾದ್ರಿಯೂ ಹೋದರು. ಉಳಿದವರಿಗೆಲ್ಲ ಮೊಳದಾಳದ ಗುಂಡಿ. ಪಾದ್ರಿಗೆ ಮಾತ್ರ ಮರ್ಯಾದೆಯಿಂದ ಆಳುದ್ದ ತೋಡಿದ. ಮುಟ್ಟಲು ಅಂಜಿ ಉಟ್ಟ ಬಟ್ಟೆಯಲ್ಲೇ ಇಳಿಸಿದ. ಬೀಗದ ಕೈ ಯಾರಿಗೂ ನೆನಪಾಗಲಿಲ್ಲ.

ಅದಾದ ಮೂರನೆಯ ಬೆಳಿಗ್ಗೆ ಆಸ್ಬರ್ಟನ ಮಗಳು ಏಳು ತಿಂಗಳಿಗೇ ಹೆತ್ತಳು. ಸೂಲಗಿತ್ತಿ ಎಮ್ಮಟ್ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಓಡಿಬಂದಳು, ಹಿಂದೆಯೇ ಆಸ್ಬರ್ಟ್. ಮುಚ್ಚಳ ಎಳೆದರು. ಬೀಗ!

"ಆಸ್ಬರ್ಟಣ್ಣಾ, ಪಾದ್ರಿ ಇಲ್ಲದಾಗ ನಾನೇ ನೀರು ಹಾಕಬಹುದು. ಯಾವ ನೀರಾದ್ರೂ ನಡೆಯುತ್ತೆ, ಬಾವಿ ನೀರೂ ಸರಿ, ಅವರೇ ಹೇಳಿಕೊಟ್ಟಿದ್ರು," ಎಂದಳು ಎಮ್ಮಟ್.

"ಬಾವಿ ನೀರಾ? ಅದನ್ನ ಕುಡಿದೇ ಊರಿಗೂರೇ ಮಣ್ಣಾಯ್ತು! ನಮ್ಮ ವಂಶಕ್ಕೆ ಉಳಿದಿರೋದು ಇದೊಂದೇ ಕುಡಿ ಕಣೇ. ಒಂದು ಗಳಿಗೆ ತಡಿ ತಾಯಿ, ಬೀಗದ ಕೈ ತರ್ತೀನಿ."

ಒಡೆಯೋ ಮುದುಕಾ, ಒಡೆದುಹಾಕೋ ಎಂದು ಕೂಗಲು ನನಗೆಲ್ಲಿದೆ ಬಾಯಿ? ಗೋರಿ ಅಗೆಯಲು ಅಂಜದವನು ದೇವರ ಬೀಗ ಒಡೆಯಲು ಅಂಜಿದ.

ಹೊರಗೆ ಗುದ್ದಲಿಯ ಸದ್ದು. ಎಷ್ಟು ಅಗೆದರೂ ಮುಗಿಯದು, ಅವನೇ ತೋಡಿದ ಆಳ. ಎಮ್ಮಟ್ ನನಗೊರಗಿ ಕೂತಿದ್ದಳು. ಕೂಸು ಎರಡು ಸಲ ಕುಂಯ್ ಎಂದಿತು. ಮತ್ತೆ ಎನ್ನಲಿಲ್ಲ.

ಆಸ್ಬರ್ಟ್ ಮಣ್ಣುಗೈಯಲ್ಲಿ ಬಂದು ಬೀಗ ತೆಗೆದ. ನನ್ನ ನೀರು ತಿಳಿಯಾಗಿತ್ತು.

"ಹಾಕೇ, ಬೇಗ ಹಾಕೇ!"

"ಹೋಗಿಬಿಡ್ತಣ್ಣಾ. ಸತ್ತ ಮೇಲೆ ಹಾಕೋ ಹಾಗಿಲ್ಲ."

ಊರನ್ನೆಲ್ಲ ಚರ್ಚಿನಂಗಳದಲ್ಲಿ ಮಲಗಿಸಿದವನು ತನ್ನ ಮೊಮ್ಮಗಳನ್ನು ಬಡಗಣ ಗೋಡೆಯಾಚೆ ಹೂತ. ಹೆಸರಿಲ್ಲ, ಶಿಲುಬೆಯಿಲ್ಲ. ನನಗೆ ಇಂದಿಗೂ ಸಂಕಟವಾಗುತ್ತದೆ. ನೀರು ತುಂಬಿಕೊಂಡೇ ಇದ್ದೆನಲ್ಲ ನಾನು!

ಆಮೇಲಿನದು ಏನು ಮಹಾ? ರಾಜರು ಬದಲಾದರು, ಪ್ರಾರ್ಥನೆಗಳು ಬದಲಾದವು. ಯಾವುದೋ ಯುದ್ಧದಲ್ಲಿ ಸೈನಿಕರು ಮುಚ್ಚಳ ಸೀಳಿ ಒಲೆಗೆ ಹಾಕಿದರು, ನನ್ನಲ್ಲಿ ಕುದುರೆಗಳಿಗೆ ನೀರು ಕುಡಿಸಿದರು. ಕೊನೆಗೆ ಅಮೃತಶಿಲೆಯ ಹೊಸ ತೊಟ್ಟಿ ಬಂತು. ನನ್ನನ್ನು ಬಡಗಣ ಗೋಡೆಯಾಚೆ ಉರುಳಿಸಿದರು. ಕೆಲಕಾಲ ಹಸುಗಳು ಬರುತ್ತಿದ್ದವು, ಈಗ ಅವೂ ಇಲ್ಲ.

ಬಿದ್ದಲ್ಲೇ ಇದ್ದೇನೆ, ಪಾಚಿ ಕಟ್ಟಿಕೊಂಡು. ಮುಚ್ಚಳವಿಲ್ಲ, ಬೀಗವಿಲ್ಲ. ಮಳೆ ಬಂದಾಗ ತುಂಬಿ ಚೆಲ್ಲುತ್ತೇನೆ. ಚೆಲ್ಲಿದ್ದು ಆಸ್ಬರ್ಟ್ ಕೂಸಿಗೆಂದು ಅಗೆದಿದ್ದ ಆ ಗೇಣಗಲದ ನೆಲಕ್ಕೇ ಇಳಿಯುತ್ತದೆ. ಯಾರೂ ಮಂತ್ರಿಸದ ನೀರು. ಯಾವ ನೀರಾದರೂ ನಡೆಯುತ್ತದೆ ಎಂದಿದ್ದಳಲ್ಲ ಎಮ್ಮಟ್.