ಮನೆ ಲಾರಿಯಲ್ಲಿ, ಮದುವೆ ಮನೆಯಲ್ಲಿ

ನಾನು ಮನೆ ಸಾಮಾನು ಸಾಗಿಸುವವನು. ಒಬ್ಬರ ಮನೆಯನ್ನು ಹೊತ್ತು ಇಳಿಸಿ, ಲಾರಿಗೆ ತುಂಬಿ, ಇನ್ನೊಂದು ಕಡೆ ಹೊತ್ತು ಹತ್ತಿಸುವುದು. ಈ ಪರದೇಶಕ್ಕೆ ಬಂದಾಗಿನಿಂದ ಇದೇ ಕೆಲಸ. ಬಾಗಿಲು ನೋಡಿದರೆ ಸಾಕು, ಯಾವ ಮಂಚ ಸಲೀಸಾಗಿ ಹೋಗುತ್ತದೆ, ಯಾವ ಬೀರು ಅಡ್ಡಡ್ಡ ಸಿಕ್ಕಿಕೊಂಡು ಪ್ರಾಣ ತಿನ್ನುತ್ತದೆ ಎಂದು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ನನ್ನ ಕೈಗೆ ಬಗ್ಗದ್ದು ಒಂದೇ ಒಂದು. ಅದು ನಮ್ಮಮ್ಮ.

ತಂಗಿಯ ಮದುವೆ ಗೊತ್ತಾಗುವ ಹೊತ್ತಿಗೆ ಅವಳ ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಬಂದಿತ್ತು. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕಡೆ ಅವಳ ಕೆಲಸ. ಒಂದು ದಿನ ಹಾಸಿಗೆ ಬಟ್ಟೆ ತುಂಬಿದ ಗಾಡಿಯ ಜೊತೆ ಲಿಫ್ಟಿನೊಳಗೆ ಸಿಕ್ಕಿಹಾಕಿಕೊಂಡಳು. ಬಿಡಿಸಲು ಬಂದ ರಿಪೇರಿಯವನಿಗೆ, ಬಾಗಿಲು ಅರ್ಧ ತೆರೆಯುತ್ತಿದ್ದ ಹಾಗೇ, ತಡ ಮಾಡಿದ್ದಕ್ಕೆ ಕನ್ನಡದಲ್ಲೇ ಮುಖಕ್ಕೆ ಮಂಗಳಾರತಿ ಎತ್ತಿದಳಂತೆ. ಅವನೂ ಕನ್ನಡದವನು ಎಂದು ಅವಳಿಗೇನು ಗೊತ್ತು? "ಇನ್ನೊಂದು ಸಲ ಬೈರಿ, ನಮ್ಮ ಮಾತು ಕೇಳಿ ಬಹಳ ದಿನ ಆಯ್ತು" ಅಂದನಂತೆ ಅವನು. ಮದುವೆಗೆ ಅಷ್ಟು ಸಾಕಾಯಿತು. ಅವನಿಗೂ ನಲವತ್ತು ದಾಟಿತ್ತು, ಹಿಂದೆ ಮುಂದೆ ಯಾರೂ ಇರಲಿಲ್ಲ.

ಇಬ್ಬರೂ ನನ್ನ ಮುಂದೆ ಕೂತು, ಚಿಕ್ಕದಾಗಿ ಮಾಡೋಣ ಅಂದರು.

"ಚಿಕ್ಕದು ಅಂದ್ರೆ ಎಷ್ಟು ಚಿಕ್ಕದು?" ಎಂದೆ.

"ನಮ್ಮ ಕೈಲಿ ಆಗುವಷ್ಟು, ಅಣ್ಣ," ಅಂದಳು ತಂಗಿ. "ಮದುವೆ ಮುಗಿದ ಮೇಲೆ ಸಾಲ ಕೊಟ್ಟೋರ ಮುಖ ನೋಡಿ ರಸ್ತೆ ಬದಲಾಯಿಸೋ ಹಾಗೆ ಆಗಬಾರದು. ಅಷ್ಟೇ."

"ಮನೆಗೆ ಇರೋಳು ಒಬ್ಬಳೇ ಹೆಣ್ಣುಮಗಳು. ಹಾಲ್‌ನಲ್ಲಿ ಮಾಡ್ತೀನಿ, ಸುಮ್ನಿರು."

ಹಾಲ್ ನೋಡಲು ನಾನು, ನನ್ನ ಹೆಂಡತಿ ಎರಡು ಭಾನುವಾರ ತಿರುಗಿದೆವು. ಒಂದು ಈಜುಕೊಳದ ಹಿಂದಿತ್ತು. ಒಳಗೆ ಹೋದರೆ ಮೂಗು ಉರಿಯುವ ನೀರಿನ ವಾಸನೆ. ಇನ್ನೊಂದು ಶಾಲೆಯ ಆಟದ ಕೋಣೆ. ನೆಲದ ತುಂಬ ಬಿಳಿ ಹಳದಿ ಗೆರೆ. ಮೂರನೆಯದು ಚೆನ್ನಾಗಿತ್ತು, ಆದರೆ ಅದರ ಯಜಮಾನ ಕುರ್ಚಿಗೆ ಬೇರೆ, ಚಮಚಕ್ಕೆ ಬೇರೆ, ಕಸ ಗುಡಿಸುವುದಕ್ಕೆ ಬೇರೆ ಎಂದು ದರ ಹೇಳುತ್ತಾ ಹೋದ. "ಒಳಗೆ ಉಸಿರಾಡೋದಕ್ಕೆ ಎಷ್ಟು?" ಎಂದು ಕೇಳಿದೆ. ನನ್ನ ಹೆಂಡತಿ ನನ್ನ ಅಂಗಿ ತೋಳು ಹಿಡಿದು ಹೊರಗೆ ಎಳೆದಳು.

"ಎಲ್ಲಿ ಹೋದ್ರೂ ನಿಮ್ಮ ಬಾಯಿ ನಮಗಿಂತ ಮುಂಚೆ ಹೋಗಿ ಕೂತಿರುತ್ತೆ ಕಣ್ರೀ," ಅಂದಳು.

ಅಂತೂ ಬಸ್ ಡಿಪೋದವರ ಕ್ಯಾಂಟೀನ್ ಹಿಂದಿನ ಕೋಣೆ ಅಗ್ಗಕ್ಕೆ ಸಿಗುತ್ತದೆ ಎಂದಾಯಿತು. ಮನೆಗೆ ಬಂದು ಹೇಳಿದೆ. ತಂಗಿ ಎಲ್ಲಾ ಕೇಳಿಸಿಕೊಂಡು, "ಅಮ್ಮ ಹೇಗೆ ಇಳೀತಾಳೆ?" ಅಂದಳು.

ಅಲ್ಲೇ ಇದ್ದದ್ದು ತೊಡಕು. ನಮ್ಮದು ಐದನೇ ಮಹಡಿ. ಅಮ್ಮನಿಗೆ ಸೊಂಟದ ಆಪರೇಷನ್ ಆಗಿದೆ. ಸಮತಟ್ಟಿನ ಮೇಲೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ, ಮೆಟ್ಟಿಲು ಆಗದು. ಲಿಫ್ಟ್ ಕೆಟ್ಟು ಆರು ತಿಂಗಳಾಗಿತ್ತು. ಕೆಳಗಿನ ಆಫೀಸಿನಲ್ಲಿ ಕೂರುವ ಕಟ್ಟಡದ ಮ್ಯಾನೇಜರ್, ಕೇಳಿದಾಗಲೆಲ್ಲ "ಪಾರ್ಟ್ ಬರಬೇಕು" ಅನ್ನುತ್ತಿದ್ದ.

"ಮನೆಗೆ ಲಿಫ್ಟಿನವನನ್ನೇ ಅಳಿಯ ಮಾಡ್ಕೋತಾ ಇದ್ದೀವಿ, ನಾವು ಮಾತ್ರ ಮೆಟ್ಟಿಲು ಹತ್ತಿ ಸಾಯ್ಬೇಕು," ಎಂದು ಗುರುಗುಟ್ಟಿದೆ.

"ಏನು ಮಾಡ್ಲಿ ಭಾವ? ಅದು ಬೇರೆ ಕಂಪನಿ ಲಿಫ್ಟ್. ನಾನು ಕೈ ಇಟ್ರೆ ನನ್ನ ಕೆಲಸಕ್ಕೇ ಕುತ್ತು," ಅಂದ ಲಿಫ್ಟಿನವನು.

ನನ್ನ ಹತ್ತಿರ ಉಪಾಯ ಇತ್ತು. ಭಾರದ ಸಾಮಾನು ಹೊರಲು ಹೆಗಲಿಗೆ, ಸೊಂಟಕ್ಕೆ ಕಟ್ಟಿಕೊಳ್ಳುವ ಅಗಲದ ಬೆಲ್ಟ್ ಉಂಟು. ಅಮ್ಮನ ಮಂಚದ ಪಕ್ಕ ಕೂತು ಹೇಳಿದೆ: "ನಿನ್ನನ್ನ ನನ್ನ ಬೆನ್ನಿಗೆ ಕಟ್ಕೊಂಡು ಇಳಿಸ್ತೀನಿ ಅಮ್ಮ. ಪಿಯಾನೋನೇ ಇಳಿಸಿದ್ದೀನಿ, ಒಂದು ಗೀರು ಬಿದ್ದಿಲ್ಲ."

"ನಾನೇನು ಬೀರುನಾ? ಕಟ್ಟಡದ ಜನ ಎಲ್ಲಾ ಬಾಗಿಲಲ್ಲಿ ನಿಂತು ನೋಡೋದಕ್ಕಾ? ಪಿಯಾನೋಗೆ ಮಾನ ಮರ್ಯಾದೆ ಇಲ್ಲ, ನನಗಿದೆ. ನೀವು ಹೋಗಿ ಮಾಡ್ಕೊಂಡು ಬನ್ನಿ." ಹೀಗೆ ಹೇಳಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಅಳುತ್ತಿದ್ದಳೋ ಏನೋ, ನಾನು ಬಗ್ಗಿ ನೋಡಲಿಲ್ಲ.

ತಂಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಿಧಾನವಾಗಿ ಹೇಳಿದಳು: "ಅಮ್ಮ ಇಲ್ಲದ ಕಡೆ ನಾನು ಹಾರ ಹಾಕೋದಿಲ್ಲ ಅಣ್ಣ. ಲಿಫ್ಟ್ ಸರಿ ಆಗಲಿ, ಆಮೇಲೆ ನೋಡೋಣ."

"ಲಿಫ್ಟ್ ಸರಿ ಆಗೋದು ನಿನ್ನ ತಲೆ ಪೂರ್ತಿ ಬೆಳ್ಳಗಾದ ಮೇಲೆ!" ಎಂದು ನಾನು ಕೂಗಿದೆ. ಅವಳು ಮಾತಾಡಲಿಲ್ಲ. ನನ್ನ ತಂಗಿ ಕೂಗಿದರೆ ಹೆದರಬೇಕಾಗಿಲ್ಲ. ಸುಮ್ಮನಾದರೆ ಅದು ಕಲ್ಲಿನ ಮೇಲೆ ಬರೆದ ಹಾಗೆ. ಮದುವೆ ನಿಂತಿತು ಎಂದೇ ನಾನು ಅಂದುಕೊಂಡೆ.

ಕೋಪದಲ್ಲಿ ಎದ್ದು ನಡುಮನೆಗೆ ಹೋಗುವಾಗ ಮೇಜಿನ ಮೂಲೆಗೆ ಮೊಣಕಾಲು ಬಡಿಯಿತು. ತಿರುಗಿದರೆ ಬಟ್ಟೆ ಒಣಹಾಕುವ ಸ್ಟ್ಯಾಂಡು. ಅದನ್ನು ತಳ್ಳಿದರೆ ಮೇಲೆ ಪೇರಿಸಿದ್ದ ಪೆಟ್ಟಿಗೆ ಬಿತ್ತು. ಬಾಯಿಗೆ ಬಂದದ್ದನ್ನೆಲ್ಲ ಬೈದು, ಮೊಣಕಾಲು ಉಜ್ಜುತ್ತಾ ನಿಂತು ಸುತ್ತ ನೋಡಿದೆ. ಬೇರೆಯವರ ಮನೆಗೆ ಕೆಲಸಕ್ಕೆ ಹೋದಾಗ ನೋಡುವ ಹಾಗೆ ನೋಡಿದೆ. ಸೋಫಾ ಇಲ್ಲದಿದ್ದರೆ? ಬೀರು, ಮೇಜು, ಟಿವಿ ಸ್ಟ್ಯಾಂಡು ಇಲ್ಲದಿದ್ದರೆ?

"ಏ, ಇಲ್ಲಿ ಬನ್ರೇ!" ಎಂದು ಕೂಗಿದೆ. "ಮದುವೆ ಇಲ್ಲೇ. ಈ ಮನೆಯಲ್ಲೇ."

"ಇಲ್ಲಿ ಇರೋ ನಾವೇ ಅಡ್ಡಡ್ಡ ನಡೀತೀವಿ," ಅಂದಳು ಹೆಂಡತಿ. "ಬಂದೋರನ್ನ ಗೋಡೆಗೆ ಮೊಳೆ ಹೊಡೆದು ನೇತು ಹಾಕ್ತೀರಾ?"

"ಮನೆ ಚಿಕ್ಕದಲ್ಲ ಕಣೇ. ಸಾಮಾನು ಜಾಸ್ತಿ. ಬೆಳಿಗ್ಗೆ ಎಲ್ಲಾ ಇಳಿಸಿ ಲಾರಿಗೆ ತುಂಬ್ತೀನಿ. ಸಂಜೆ ವಾಪಸ್ ಹತ್ತಿಸ್ತೀನಿ. ಅಮ್ಮನ ಮಂಚ ಒಂದು ಇರಲಿ."

ತಂಗಿ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಮೊದಲು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಒಂದು ಮಾತು ಕೊಡು ಅಣ್ಣ. ಅವತ್ತು ಒಂದು ದಿನ ಯಾರ ಮೇಲೂ ಕೂಗಾಡಬೇಡ."

"ನಾನಾಗಿ ಯಾವತ್ತು ಕೂಗಾಡಿದ್ದೀನಿ? ಜನ ಕೂಗಾಡಿಸ್ತಾರೆ."

"ಜನ ಕೂಗಾಡಿಸಿದ್ರೂ."

ಮಾತು ಕೊಟ್ಟೆ.

ಸರ್ಕಾರಿ ಕಚೇರಿಯಲ್ಲಿ ಸಹಿ ಹಾಕುವ ಕೆಲಸ ಶುಕ್ರವಾರವೇ ಮುಗಿಯಿತು. ಅಮ್ಮನ ಪ್ರಕಾರ ಅದು ಮದುವೆಯೇ ಅಲ್ಲ. ತಾನು ನೋಡದೆ ಇದ್ದದ್ದು ನಡೆದ ಹಾಗಲ್ಲ ಅಂದಳು. ಭಾನುವಾರಕ್ಕೆ ನಮ್ಮ ಯಜಮಾನರು ಲಾರಿ ಕೊಟ್ಟರು, ಅದೇ ಅವರ ಉಡುಗೊರೆ. ನನ್ನ ಜೊತೆ ಕೆಲಸ ಮಾಡುವ ಗಂಟು ಬೆಳಿಗ್ಗೆಯೇ ಬಂದ. ಹಗ್ಗದಲ್ಲಿ ಅವನು ಹಾಕಿದ ಗಂಟು ಅವನಿಗೇ ಬಿಚ್ಚಲು ಬರುವುದಿಲ್ಲ, ಅದಕ್ಕೆ ಆ ಹೆಸರು. ಇನ್ನಿಬ್ಬರು ಕೆಲಸದವರನ್ನೂ ಕರೆತಂದಿದ್ದ. ಬೀರು, ಸೋಫಾ, ಹಾಸಿಗೆ, ಅಮ್ಮ ಕಿಟಕಿ ಪಕ್ಕ ಕೂರುವ ಕುರ್ಚಿ, ಒಂದೊಂದೇ ಮೆಟ್ಟಿಲು ಇಳಿದವು.

"ಮದುವೆಗೆ ಮನೆ ತುಂಬಿಸೋರನ್ನ ನೋಡಿದ್ದೆ," ಅಂದಳು ಅಮ್ಮ ಮಂಚದ ಮೇಲಿಂದ. "ಖಾಲಿ ಮಾಡೋರನ್ನ ಈಗಲೇ ನೋಡಿದ್ದು. ಲೋ ಗಂಟು, ನನ್ನ ಕುರ್ಚಿ ಕಾಲು ಸಡಿಲ ಇದೆ, ಜೋಪಾನ."

ಖಾಲಿಯಾದ ಮೇಲೆ ನನಗೇ ಮನೆ ಗುರುತು ಸಿಗಲಿಲ್ಲ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತಿತ್ತು. ಬೀರು ಇದ್ದ ಕಡೆ ಗೋಡೆಯ ಬಣ್ಣ ಹೊಸದರಂತೆ ಉಳಿದಿತ್ತು. ನನ್ನ ಹೆಂಡತಿ ಅದರ ಸುತ್ತ ಹೂವಿನ ಸರ ಅಂಟಿಸಿ ಮದುಮಕ್ಕಳು ನಿಲ್ಲುವ ಜಾಗ ಅದೇ ಎಂದು ಮಾಡಿದಳು. ಊಟಕ್ಕೆ ಕರೆದವರೇ ಅಡುಗೆಗೂ ಬಂದಿದ್ದರು. ತಂಗಿಯ ಜೊತೆ ಬಟ್ಟೆ ಒಗೆಯುವ ಹೆಂಗಸರು ಅಡುಗೆಮನೆ ತುಂಬಿದ್ದರು. ಯಾರ ಭಾಷೆ ಯಾರಿಗೂ ಬರುತ್ತಿರಲಿಲ್ಲ, ನಗು ಮಾತ್ರ ನಿಲ್ಲುತ್ತಿರಲಿಲ್ಲ.

ತಂಗಿ, ಲಿಫ್ಟಿನವನು ಇಬ್ಬರೂ ಹಾರ ಹಿಡಿದು ಅಮ್ಮನ ಮಂಚದ ಎದುರು ನಿಂತರು. ತಂಗಿ ಕೈ ಎತ್ತಿದಳು. ಅಷ್ಟರಲ್ಲಿ ಬಾಗಿಲು ದಡದಡ ಬಡಿಯಿತು.

ಮ್ಯಾನೇಜರ್. ಐದು ಮಹಡಿ ಹತ್ತಿ ಬಂದಿದ್ದ. ದಪ್ಪ ಆಸಾಮಿ, ಮುಖ ಕೆಂಪಾಗಿ, ಒಂದು ಕೈ ಎದೆ ಮೇಲೆ, ಇನ್ನೊಂದು ಕೈಯಲ್ಲಿ ನಮ್ಮ ಮನೆ ಕೀ. ಬಾಯಿ ತೆರೆದರೂ ಮಾತು ಬರುತ್ತಿರಲಿಲ್ಲ. ಬರೀ ಗಾಳಿ.

"ಯಾರದು ಹಾಗೆ ಏದುಸಿರು ಬಿಡ್ತಿರೋದು?" ಅಂದಳು ಅಮ್ಮ. "ಕೂರಿಸ್ರೋ, ಬಿದ್ದಾರು!"

ಕೂರಿಸಲು ಕುರ್ಚಿ ಎಲ್ಲಿದೆ? ಎಲ್ಲಾ ಲಾರಿಯಲ್ಲಿ. ಅಮ್ಮನೇ ಸರಿದು ಜಾಗ ಕೊಟ್ಟಳು. ಅವನು ಮಂಚದ ಅಂಚಿನಲ್ಲಿ ಕೂತು, ನೀರು ಕುಡಿದು, ಇಲ್ಲಿನ ಭಾಷೆಯಲ್ಲಿ ಶುರು ಮಾಡಿದ.

"ಒಂದು ಮಾತು ತಿಳಿಸದೆ ಮನೆ ಖಾಲಿ ಮಾಡ್ತೀರಾ? ಕೆಳಗೆ ಲಾರಿ ತುಂಬಿ ನಿಂತಿದೆ. ನಿಮ್ಮ ಮನುಷ್ಯ ಬಂದು ಕೀ ಕೊಟ್ಟು, 'ಖಾಲಿ ಆಯ್ತು ಸಾರ್' ಅಂದು ಹೋಗಿದ್ದಾನೆ!"

ನಾನು ಗಂಟುವಿನ ಕಡೆ ತಿರುಗಿದೆ. ಅವನು ತಲೆ ಕೆರೆದುಕೊಂಡ. "ಕೈ ತಾನಾಗೇ ಮಾಡಿಬಿಡ್ತು ಅಣ್ಣ. ಸಾಮಾನು ಇಳಿಸಿದೆ, ಕಸ ಗುಡಿಸಿದೆ, ಕೀ ಕೊಟ್ಟೆ. ದಿನಾ ಹಾಗೇ ಅಲ್ವಾ ಮಾಡೋದು?"

ನನ್ನ ಕಿವಿ ಬಿಸಿಯಾಯಿತು. ಆರು ತಿಂಗಳ ಲಿಫ್ಟು, ಅರ್ಧ ಎತ್ತಿದ ಹಾರ, ಈ ಗಂಟುವಿನ ಪೆದ್ದುತನ, ಎಲ್ಲಾ ಒಟ್ಟಿಗೆ ಗಂಟಲಿಗೆ ಬಂತು. ಬಾಯಿ ತೆರೆದೆ. ತಂಗಿ ನನ್ನನ್ನೇ ನೋಡುತ್ತಿದ್ದಳು. ಹಾರ ಹಿಡಿದ ಕೈ ಇನ್ನೂ ಮೇಲೇ ಇತ್ತು.

ನುಂಗಿದೆ.

"ಮನೆ ಬಿಡ್ತಾ ಇಲ್ಲ ಸಾರ್," ಎಂದೆ ಮೆತ್ತಗೆ. "ನನ್ನ ತಂಗಿ ಮದುವೆ. ಲಿಫ್ಟ್ ಇಲ್ಲ, ಅಮ್ಮನ್ನ ಇಳಿಸೋಕೆ ಆಗಲಿಲ್ಲ. ಅದಕ್ಕೆ ಮನೆಯನ್ನ ಇಳಿಸಿದ್ವಿ."

ಅವನು ಅಮ್ಮನನ್ನು ನೋಡಿದ. ಖಾಲಿ ಗೋಡೆ ನೋಡಿದ. ತಾನು ಹತ್ತಿ ಬಂದ ಮೆಟ್ಟಿಲಿನ ಕಡೆಗೂ ಒಮ್ಮೆ ನೋಡಿದ. ಕೀ ತೆಗೆದು ನನ್ನ ಕೈಗೆ ಕೊಟ್ಟು ಏಳಲು ಹೋದ. ಅಮ್ಮ ಅವನ ಮೊಣಕೈ ಹಿಡಿದು ಕೂರಿಸಿದಳು.

"ಮದುವೆ ಮನೆಗೆ ಬಂದು ಊಟ ಮಾಡದೆ ಹೋಗ್ತಾರಾ? ಕೂತ್ಕೊಳ್ಳಿ." ಮಾತು ತಿಳಿಯದಿದ್ದರೂ ಹಿಡಿತ ತಿಳಿಯಿತು. ಅವನು ಕೂತ. ಹಾಗಾಗಿ ನನ್ನ ತಂಗಿಯ ಮದುವೆಯಲ್ಲಿ ಅಮ್ಮನ ಪಕ್ಕ, ಹಿರಿಯರ ಜಾಗದಲ್ಲಿ, ಕಟ್ಟಡದ ಮ್ಯಾನೇಜರ್ ಕೂತಿದ್ದ. ಹಾರ ಬದಲಾದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನೂ ಅವನೇ.

ನೆಲದ ಮೇಲೆ ಸಾಲಾಗಿ ಕೂತು ಎಲ್ಲರೂ ಉಂಡೆವು. ಅಮ್ಮ ಎರಡು ಸಲ ಸಿಹಿ ಹಾಕಿಸಿಕೊಂಡಳು. ಸಂಜೆಯಾಗುತ್ತಾ ಬಂತು. ತಂಗಿ ತನ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು ಅಮ್ಮನ ಕಾಲಿಗೆ ಬಿದ್ದಳು. ಅಮ್ಮ ತಲೆ ಸವರಿದಳು. ಆಮೇಲೆ ಖಾಲಿ ಮನೆಯನ್ನು ಸುತ್ತ ಒಮ್ಮೆ ನೋಡಿದಳು.

"ಎಲ್ಲಾನೂ ಇಳಿಸಿದ್ದೀರಿ, ನಾನೊಬ್ಬಳೇ ಉಳಿದಿದ್ದೀನಿ," ಅಂದಳು. "ಆ ಬೆಲ್ಟ್ ಎಲ್ಲೋ?"

"ಯಾವ ಬೆಲ್ಟ್?"

"ಪಿಯಾನೋ ಇಳಿಸಿದ್ದು."

"ನಾನೇನು ಬೀರುನಾ ಅಂದಿದ್ದೆಯಲ್ಲಮ್ಮ ಅವತ್ತು?"

"ಬೀರು ಅಲ್ಲ, ಅದಕ್ಕೇ ಹೇಳ್ತಿರೋದು. ಹೆಣ್ಣಿನ ತಾಯಿ. ಮಗಳನ್ನ ಮಂಚದ ಮೇಲೆ ಕೂತು ಕಳಿಸ್ತಾರಾ? ನಡಿ. ನೋಡೋರು ನೋಡಲಿ."

ಗಂಟು ಬೆಲ್ಟ್ ತಂದ. ನಾನು ಬಗ್ಗಿದೆ, ಲಿಫ್ಟಿನವನು ಅಮ್ಮನನ್ನು ನನ್ನ ಬೆನ್ನಿಗೆ ಕೂರಿಸಿದ, ಗಂಟು ಬೆಲ್ಟನ್ನು ಬಿಗಿದ. ಅಮ್ಮ ಹಗುರವೇನಲ್ಲ. ಗಂಟು ನನ್ನ ಮುಂದೆ ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ. ಎಲ್ಲರಿಗಿಂತ ಮುಂದೆ ಮ್ಯಾನೇಜರ್, ಪ್ರತಿ ಮಹಡಿಯ ಬಾಗಿಲನ್ನೂ ಹಿಡಿದು ನಿಲ್ಲುತ್ತಿದ್ದ. ಜನ ಹೊರಗೆ ಬಂದು ನೋಡಿದರು. ಅಮ್ಮ ನನ್ನ ಬೆನ್ನ ಮೇಲಿಂದಲೇ ಅವರಿಗೆಲ್ಲ ಕೈ ಬೀಸಿದಳು.

"ಇವರ ಬಾಗಿಲಿಗೆ ಬಣ್ಣ ಹೊಡೆಸಿದ್ದಾರೆ. ಚೆನ್ನಾಗಿಲ್ಲ... ಅಯ್ಯೋ, ಈ ಮಗು ನಡೆಯೋ ಹಾಗಾಗಿದೆ! ಮೆಲ್ಲಗೋ, ಎಡಗಡೆ ಗೋಡೆ!"

"ಸುಮ್ನೆ ಕೂತ್ಕೋ ಅಮ್ಮ. ಪಿಯಾನೋ ಇಷ್ಟು ಮಾತಾಡಿರಲಿಲ್ಲ."

ಕೆಳಗೆ ಲಾರಿಯ ಹಿಂಬಾಗಿಲು ತೆರೆದಿತ್ತು. ಕೊನೆಗೆ ತುಂಬಿದ್ದ ಅಮ್ಮನ ಕುರ್ಚಿ ಅಂಚಿನಲ್ಲೇ ಇತ್ತು. ಗಂಟು ಅದನ್ನು ಇಳಿಸಿ ರಸ್ತೆ ಬದಿಗೆ ಹಾಕಿದ. ಅಮ್ಮ ಕೂತು, ಮೊದಲು ಗಾಳಿ ಎಳೆದುಕೊಂಡಳು. ಆಮೇಲೆ ಲಾರಿಯೊಳಗೆ ಇಣುಕಿದಳು. ಸೋಫಾ, ಬೀರು, ಟಿವಿ, ಮಡಿಸಿಟ್ಟ ಹಾಸಿಗೆ, ನಮ್ಮ ಸಂಸಾರವೆಲ್ಲ ಅಲ್ಲಿತ್ತು.

"ಇವಳ ಮನೆ ಎಷ್ಟು ದೂರ?" ಎಂದು ಅಳಿಯನನ್ನು ಕೇಳಿದಳು.

"ಹತ್ತಿರಾನೇ ಅತ್ತೆ. ಸೇತುವೆ ದಾಟಿದ್ರೆ ಬಂತು. ನೆಲಮಹಡಿ," ಅಂದ ಅವನು. "ಲಿಫ್ಟ್ ಬೇಕಾಗಿಲ್ಲ."

"ಮತ್ತೆ ಗಾಡಿ ಸುಮ್ನೆ ಯಾಕೆ ನಿಂತಿದೆ? ಹೇಗೂ ಇಳಿದಿದ್ದೀನಿ. ಮಗಳ ಮನೆ ನೋಡ್ಕೊಂಡು ಬರೋಣ."

ಲಾರಿಯ ಮುಂದಿನ ಸೀಟಿನಲ್ಲಿ ಕಿಟಕಿ ಪಕ್ಕ ಅಮ್ಮನನ್ನು ಎತ್ತಿ ಕೂರಿಸಿದೆವು, ಮಧ್ಯೆ ಹಾರ ಹಾಕಿಕೊಂಡ ತಂಗಿ. ಲಿಫ್ಟಿನವನು, ಗಂಟು ಹಿಂದೆ ಬೇರೆ ಕಾರಿನಲ್ಲಿ ಹೊರಟರು. ನಾನು ಗಾಡಿ ಚಾಲೂ ಮಾಡುವಷ್ಟರಲ್ಲಿ ಐದನೇ ಮಹಡಿಯ ಕಿಟಕಿಯಿಂದ ನನ್ನ ಹೆಂಡತಿಯ ತಲೆ ಹೊರಗೆ ಬಂತು.

"ರೀ! ಮನೆ ಎಲ್ಲಿಗೆ ತಗೊಂಡು ಹೋಗ್ತಿದ್ದೀರಾ? ರಾತ್ರಿ ಎಲ್ಲಿ ಮಲಗೋದು?"

"ಮನೆ ಮಗಳನ್ನ ಬಿಟ್ಟು ಬರ್ತೀವಿ ಕಣೇ!" ಎಂದು ನಾನು ಬೀದಿ ಪೂರ್ತಿ ಕೇಳುವ ಹಾಗೆ ಕೂಗಿದೆ.

ತಂಗಿ ನನ್ನ ಕಡೆ ನೋಡಿದಳು. ಆ ದಿನ ನಾನು ಕೂಗಿದ್ದು ಅದೊಂದೇ ಸಲ. ಆಮೇಲೆ ಅವಳು ಅಮ್ಮನ ಕೈ ತನ್ನ ಮಡಿಲಿಗೆ ಎಳೆದುಕೊಂಡು, ನಗುತ್ತಾ ರಸ್ತೆ ನೋಡುತ್ತಾ ಕೂತಳು.